ಕೊಡೆ ಬಿಚ್ಚದ ಓತಿಗಳು

ನಮ್ಮೂರಿನಲ್ಲಿ ಮದುವೆ ಗೊತ್ತು ಮಾಡುವುದು ಓತಿಗಳು. ಅಪ್ಪ ಅಮ್ಮ ಊಟದ ವ್ಯವಸ್ಥೆಗೆ ಮಾತ್ರ. ಹುಡುಗ ಹುಡುಗಿಯರಂತೂ, ಪಾಪ, ತಂತಮ್ಮ ಓತಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತರೆ ಅವರ ಕೆಲಸ ಮುಗಿಯಿತು. ನಾನೂ ಒಂದು ಕಾಲದಲ್ಲಿ ಹಾಗೆಯೇ ಕುಳಿತಿದ್ದವಳು. ನನ್ನ ಹೆಸರು ಮಂಕಾಳಿ. ಪೇಟೆಯ ಮೂಲೆಯಲ್ಲಿ ದೀವಿಹಲಸಿನ ಪೋಡಿ, ಚಿಪ್ಸು ಕರಿದು ಮಾರುತ್ತೇನೆ. ಬಾಯಿ ಸ್ವಲ್ಪ ಜೋರು ಅನ್ನುತ್ತಾರೆ. ಅನ್ನುವವರ ಬಾಯಿ ಎಷ್ಟು ಮೆದು ಅಂತ ನನಗೂ ಗೊತ್ತಿದೆ.

ನಮ್ಮ ಹಿರಿಯರು ಕಬ್ಬಿನ ಗದ್ದೆಯ ಕೂಲಿಗೆಂದು ಹಡಗು ಹತ್ತಿ ಬಂದವರಂತೆ. ಹಡಗಿನಲ್ಲಿ ಕುಲ, ಬಳಿ, ಮನೆದೇವರು ಎಲ್ಲ ಕಲಸುಮೇಲೋಗರವಾಗಿ, ದಡಕ್ಕೆ ಇಳಿದಾಗ ಯಾರು ಯಾವ ಬಳಿಯವರು ಎಂಬುದೇ ನೆನಪಿರಲಿಲ್ಲವಂತೆ. ಬಳಿ ಗುರುತಿಸುವ ಕೆಲಸವನ್ನು ಕಾಡಿನ ಓತಿಗಳು ವಹಿಸಿಕೊಂಡವು. ಸುತ್ತ ಇರುವುದು ಕೆರಿಬಿಯನ್ ಸಮುದ್ರ ಅಂತ ಕಲಿತವರು ಹೇಳುತ್ತಾರೆ, ನಾವು ಅದನ್ನು ನೀರು ಅನ್ನುತ್ತೇವೆ. ಮಗು ಮೊದಲ ಸಲ ಹೊಸ್ತಿಲು ದಾಟಿದ ದಿನ ಗುಡ್ಡದ ಕಾಡಿನಿಂದ ಒಂದು ಓತಿ ತಾನಾಗಿ ಇಳಿದು ಬಂದು ಅದರ ಹೆಗಲು ಹತ್ತುತ್ತದೆ. ಆಮೇಲೆ ಆ ಮನುಷ್ಯ ಇರುವವರೆಗೂ ಅದು ಇರುತ್ತದೆ. ಸ್ನಾನಕ್ಕೆ ಹೋದರೆ ಬಚ್ಚಲಿನ ಗೂಟದ ಮೇಲೆ, ಮಲಗಿದರೆ ತಲೆದಿಂಬಿನ ಮೂಲೆಯಲ್ಲಿ. ಜೋರಾಗಿ ಸೀನಿದರೆ ಬೀಳದ ಹಾಗೆ ಕಿವಿ ಹಿಡಿದುಕೊಳ್ಳುತ್ತದೆ.

ಎಲ್ಲರ ಓತಿಯೂ ಒಂದೇ ಥರ ಅಲ್ಲ. ಮರದ ತುದಿಯಲ್ಲಿ ಇರುವಂಥದ್ದು ಹಸಿರು, ದೊಡ್ಡ ತಲೆ, ಗತ್ತು ಬಹಳ. ಬೊಡ್ಡೆಯ ಮೇಲಿನದು ಕಂದು, ಕಾಲು ಉದ್ದ, ಕೂತಲ್ಲಿ ಕೂರುವುದಿಲ್ಲ. ಕಡ್ಡಿಯ ಮೇಲಿನದು ಕಡ್ಡಿಯಷ್ಟೇ ಸಣಕಲು, ನಿಧಾನ. ಹುಲ್ಲಿನದಕ್ಕೆ ಮೈಮೇಲೆ ಹಳದಿ ಗೆರೆ, ಮೈಗಿಂತ ಬಾಲವೇ ಜಾಸ್ತಿ. ಓತಿ ಯಾವುದೋ ಮನುಷ್ಯರನ್ನೂ ಹಾಗೆಯೇ ಕರೆಯುತ್ತೇವೆ: ತುದಿಯವರು, ಬೊಡ್ಡೆಯವರು, ಕಡ್ಡಿಯವರು, ಹುಲ್ಲಿನವರು. ಕಡ್ಡಿಯವರನ್ನು ಊಟಕ್ಕೆ ಕರೆದರೆ ಸಾರು ಆರಿದ ಮೇಲೆ ಬರುತ್ತಾರೆ. ತುದಿಯವರು ಕರೆಯದೆಯೇ ಬಂದು ಸಾರಿಗೆ ಉಪ್ಪಿಲ್ಲ ಅನ್ನುತ್ತಾರೆ. ಇವರೆಲ್ಲರನ್ನು ಬಿಟ್ಟು ಎಲೆಕಸದವರು ಅಂತ ಒಂದಷ್ಟು ಜನ ಹೊಳೆಯ ಹತ್ತಿರ ಇದ್ದಾರೆ. ಅವರದು ಹಾವುರಾಣಿಯ ಹಾಗೆ ನುಣ್ಣಗೆ ಹೊಳೆಯುವ ಓತಿ, ಒಣಗಿದ ಎಲೆಯ ಅಡಿಯಿಂದ ಬರುವಂಥದ್ದು. ಅದಕ್ಕೆ ಕೊಡೆಯೇ ಇಲ್ಲ. ಹಾಗಾಗಿ ಅವರ ಮದುವೆಗೆ ಶಾಸ್ತ್ರವೂ ಇಲ್ಲ, ಇಷ್ಟ ಬಂದವರ ಜೊತೆ ಇಷ್ಟ ಬಂದ ಹಾಗೆ ಇದ್ದುಬಿಡುತ್ತಾರೆ. ಅವರನ್ನು ಕಂಡರೆ ನಾವೆಲ್ಲ ಅಯ್ಯೋ ಪಾಪ ಅನ್ನುತ್ತಿದ್ದೆವು.

ಕೊಡೆ ಅಂದೆನಲ್ಲ, ಓತಿಯ ಗಂಟಲ ಕೆಳಗೆ ಮಡಚಿಟ್ಟ ತೊಗಲು ಅದು. ಮನಸ್ಸು ಬಂದರೆ ಅದನ್ನು ಪಟ್ಟನೆ ಬಿಚ್ಚುತ್ತದೆ. ಕೆಂಪು, ಕಿತ್ತಳೆ, ಹಳದಿ, ಒಂದೊಂದು ಬಗೆಗೆ ಒಂದೊಂದು ಬಣ್ಣ. ಮದುವೆ ಮಾತಿನ ದಿನ ಊರ ಚಾವಡಿಯಲ್ಲಿ ಎರಡು ಮಣೆಗಳ ನಡುವೆ ಪೇರಲೆಯ ಹಸಿ ಕೋಲನ್ನು ಓರೆಯಾಗಿ ಇಡುತ್ತಾರೆ. ಒಂದು ತುದಿಗೆ ಹುಡುಗನ ಓತಿ, ಇನ್ನೊಂದು ತುದಿಗೆ ಹುಡುಗಿಯದು. ಎರಡೂ ಮುಖಾಮುಖಿಯಾಗಿ ಕೊಡೆ ಬಿಚ್ಚಿದರೆ ಸಂಬಂಧ ಕೂಡಿತು ಅಂತ ಹೆಂಗಸರು ಉಲುಲು ಎಂದು ಮಂಗಳದ ಕೂಗು ಹಾಕುತ್ತಾರೆ, ಬೆಲ್ಲ ಹಂಚುತ್ತಾರೆ. ಕೋಲು ನೋಡುವ ಹಮ್ಮಜ್ಜ ಕೂಡಲೇ ಎರಡನ್ನೂ ಎತ್ತಿ ಬೇರೆ ಬೇರೆ ಬುಟ್ಟಿಗೆ ಹಾಕುತ್ತಾನೆ. ಶುಭದ ಗಳಿಗೆಗೆ ದೃಷ್ಟಿ ತಾಗಬಾರದಲ್ಲ. ಕೊಡೆ ಬಿಚ್ಚದಿದ್ದರೆ ಇನ್ನೊಂದು ಸಲ ನೋಡುತ್ತಾರೆ. ಆಗಲೂ ಬಿಚ್ಚದಿದ್ದರೆ ಆ ಹುಡುಗ ಗುಡ್ಡದ ಆಚೆಯ ಕೊಲ್ಲಿಗೆ ಹೋಗಿ ನೆಲೆಸಬೇಕು, ಹುಡುಗಿಯ ಮುಖ ಮತ್ತೆ ನೋಡುವಂತಿಲ್ಲ. ಯಾಕೆ ಅಂತ ನಾನು ಸಣ್ಣವಳಿದ್ದಾಗ ಕೇಳಿ ಅಜ್ಜಿಯ ಕೈಲಿ ತಲೆಗೆ ಮೊಟಕಿಸಿಕೊಂಡಿದ್ದೆ.

ನನ್ನ ಮತ್ತು ಬೊಮ್ಮಯ್ಯನ ಓತಿಗಳು ಕೊಡೆ ಬಿಚ್ಚಿದ್ದನ್ನು ಊರು ಇವತ್ತಿಗೂ ನೆನೆಸುತ್ತದೆ. ಎರಡೂ ಬೊಡ್ಡೆಯವು, ಎರಡಕ್ಕೂ ಬೆಂಕಿಯಂಥ ಕಿತ್ತಳೆ ಕೊಡೆ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ತಲೆ ಕುಣಿಸಿದ್ದೇ ಕುಣಿಸಿದ್ದು. ಇಂಥ ಜೋಡಿ ಹುಟ್ಟಿಲ್ಲ ಅಂತ ಹಮ್ಮಜ್ಜ ಕಣ್ಣೊರೆಸಿಕೊಂಡನಂತೆ. ಜೋಡಿಯ ಕಥೆ ನಾನು ಹೇಳುತ್ತೇನೆ ಕೇಳಿ. ಮದುವೆಯಾಗಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಅದನ್ನು ಬಾಗಿಲಿನ ಎಡಕ್ಕೆ ಬಿಡಬೇಕೋ ಬಲಕ್ಕೋ ಅಂತ ನಮಗೆ ಜಗಳ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಮೀನುಸಾರಿಗೆ ಹುಣಸೆಯೋ ಕೋಕಮ್ಮೋ, ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ, ಮಗಳಿಗೆ ಯಾರ ಮೂಗು ಬಂದಿದೆ, ಒಂದೂ ತೀರ್ಮಾನ ಆಗಿಲ್ಲ. ನಮ್ಮ ಓತಿಗಳಂತೂ ಎದುರು ಸಿಕ್ಕಾಗಲೆಲ್ಲ ಕಚ್ಚಾಡುತ್ತವೆ. ಎರಡರ ಬಾಲವೂ ಮೋಟು. ಯಾರಾದರೂ ಕೇಳಿದರೆ ಬಾಗಿಲ ಸಂದಿಗೆ ಸಿಕ್ಕಿತು ಅನ್ನುತ್ತೇನೆ. ಊರಿನಲ್ಲಿ ಮದುವೆಯಾದ ಎಷ್ಟೋ ಜನರ ಓತಿಗಳಿಗೆ ಬಾಲ ಮೋಟು. ಎಲ್ಲರೂ ಬಾಗಿಲ ಸಂದಿಯ ಮೇಲೇ ತಪ್ಪು ಹೊರಿಸುತ್ತಾರೆ. ನಮ್ಮೂರಿನ ಬಡಗಿ ಬಾಗಿಲು ಕೂರಿಸುವುದರಲ್ಲಿ ಸ್ವಲ್ಪ ಕಚ್ಚಾ ಅಂತ ನಾನು ನಂಬಿಕೊಂಡಿದ್ದೆ.

ನಮ್ಮ ಒಬ್ಬಳೇ ಮಗಳು ಕನಕಿ. ಕೋಕೋ ಕಣದಲ್ಲಿ ಬೀಜ ಒಣಗಿಸುವ ಕೆಲಸ. ಅವಳದು ತುದಿಯ ಓತಿ, ಹಸಿರು, ಸಿಂಹಾಸನದ ಮೇಲೆ ಕೂತ ಹಾಗೆ ತಲೆಯ ಮೇಲೇ ಕೂರುತ್ತದೆ. ಅವಳು ಮೆಚ್ಚಿದ್ದು ಜಟ್ಟುವನ್ನು. ಕಬ್ಬಿನ ಸೋಗೆಯಿಂದ ಮಾಡು ಹೊದಿಸುವ ಹುಡುಗ, ಹುಲ್ಲಿನವನು. ಅವನ ಓತಿ ಅಂಗಿಯ ಜೇಬಿನಲ್ಲಿ ಕೂತು ಬಾಲವನ್ನು ಮಾತ್ರ ಹೊರಗೆ ಬಿಟ್ಟಿರುತ್ತದೆ. ಜಟ್ಟುವೂ ಹಾಗೆಯೇ, ಮಾತು ಕಡಿಮೆ, ಕೇಳಿದ್ದಕ್ಕೆಲ್ಲ ನಗು. ಕನಕಿ ಒಂದೇ ಸಮನೆ ಮಾತಾಡುತ್ತಾಳೆ, ಅವನು ಸೋಗೆ ಹೆಣೆಯುತ್ತ ಕೇಳುತ್ತಾನೆ. ಅವರಿಬ್ಬರಿಗೆ ಒಂದು ಸಲವಾದರೂ ಮಾತಿಗೆ ಮಾತು ಬೆಳೆದದ್ದನ್ನು ನಾನು ಕಂಡಿಲ್ಲ. ಅದನ್ನು ಕಂಡೇ ನನಗೆ ಭಯ ಆಗಿತ್ತು, ಇದು ಕೂಡುವ ಸಂಬಂಧದ ಲಕ್ಷಣ ಅಲ್ಲವಲ್ಲ ಅಂತ.

ನನ್ನ ಭಯ ನಿಜವಾಯಿತು. ಕೋಲಿನ ಮೇಲೆ ಇಟ್ಟ ಕೂಡಲೇ ಕನಕಿಯ ಓತಿ ಕೋಲಿನ ಎತ್ತರದ ತುದಿಗೆ ಹೋಗಿ ಮಾಡಿನ ಕಡೆ ನೋಡುತ್ತ ಕುಳಿತಿತು. ಜಟ್ಟುವಿನದು ಕೋಲಿನ ಅಡಿಗೆ ಇಳಿದು ಮಣೆಯ ಕಾಲಿನ ಹತ್ತಿರ ಒಂದು ಇರುವೆ ಹಿಡಿದು ತಿಂದಿತು. ಒಂದು ಇನ್ನೊಂದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಚಾವಡಿಯ ಜನ ಕಾದು ಕಾದು ನನ್ನ ಚಿಪ್ಸು ಖಾಲಿ ಮಾಡಿದರು.

"ಇವಕ್ಕೆ ಸಂಬಂಧ ಇಲ್ಲ ಮಂಕಾಳಿ," ಅಂದ ಹಮ್ಮಜ್ಜ. "ಅಮಾಸೆ ಕಳೆದ ಮೇಲೆ ಇನ್ನೊಂದು ಸಲ ಇಡುವ. ಆಗಲೂ ಹೀಗೇ ಆದ್ರೆ ಹುಡುಗ ಗುಡ್ಡ ದಾಟ್ಲಿ."

ಕನಕಿ ಅಂದಿನಿಂದ ಅನ್ನ ಮುಟ್ಟಲಿಲ್ಲ. ಮಾತಿನ ಮಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಮನೆ ಎಷ್ಟು ಭಣಭಣ ಅನ್ನುತ್ತದೆ ಗೊತ್ತೇ? "ಊಟ ಮಾಡೇ, ಪ್ರಾಣ ತಿನ್ಬೇಡ," ಅಂತ ನಾನು ಬೈದೆ. "ಹೆತ್ತವಳು ಹೀಗೆ ಬೈತಾಳಾ?" ಅಂತ ಬೊಮ್ಮಯ್ಯ ನನ್ನನ್ನು ಬೈದ. ಆಮೇಲೆ ನಾನು ಅವನನ್ನು. ಇದರಲ್ಲಿ ಮಗಳ ವಿಷಯ ಮರೆತೇಹೋಯಿತು.

ಕೈಕಟ್ಟಿ ಕೂರುವ ಜಾತಿ ನನ್ನದಲ್ಲ. ಜಟ್ಟುವನ್ನು ಅಡುಗೆಮನೆಯ ಮಾಡು ಸೋರುತ್ತದೆ ಅಂತ ಸುಳ್ಳು ಹೇಳಿ ಕರೆಸಿ, ಅವನ ಓತಿಯನ್ನು ಕೈಗೆ ತೆಗೆದುಕೊಂಡೆ. ದಾಸವಾಳದ ಎಸಳು ತೋರಿಸಿದೆ, ತಿಂದಿತು. ಪೊರಕೆಯ ಕಡ್ಡಿಯಿಂದ ಗಂಟಲು ಕೆರೆದೆ, ನಿದ್ದೆ ಹೋಯಿತು. ಕೊನೆಗೆ ನನ್ನ ಕುಂಕುಮದ ಡಬ್ಬಿಯ ಕನ್ನಡಿ ಹಿಡಿದೆ ನೋಡಿ, ಪಟ್ಟನೆ ಹಳದಿ ಕೊಡೆ ಬಿಚ್ಚಿ ತಲೆ ಕುಣಿಸಿತು! ಅಯ್ಯೋ ನಿನ್ನ, ತನ್ನ ಮುಖ ಕಂಡರೆ ಇಷ್ಟು ಪ್ರೀತಿಯೇ, ಥೇಟ್ ಗಂಡಸು ಅಂದುಕೊಂಡೆ. ಕನಕಿಯ ಓತಿಗೂ ಹಿಡಿದೆ, ಅದೂ ಬಿಚ್ಚಿತು. ಚಾವಡಿಯಲ್ಲಿ ಸೆರಗಿನ ಮರೆಯಲ್ಲಿ ಕನ್ನಡಿ ಹಿಡಿಯಲು ಒಂದು ಉಪಾಯ ಹುಡುಕಬೇಕಿತ್ತು. ಹಿತ್ತಿಲ ಕೋಣೆಯಲ್ಲಿ ಬಾಡಿಗೆಗೆ ಇದ್ದ ಓತಿ ಟೀಚರನ್ನು ಕೇಳೋಣ ಅನ್ನಿಸಿತು.

ಓತಿ ಟೀಚರ್ ನಮ್ಮವಳಲ್ಲ. ಸುತ್ತಲಿನ ದ್ವೀಪಗಳ ಕಾಡಿನ ಓತಿಗಳನ್ನು ಕುಲ ಕುಲವಾಗಿ ವಿಂಗಡಿಸುವುದೇ ಅವಳ ಉದ್ಯೋಗ. ನಮ್ಮ ಭಾಷೆಯನ್ನು ಯಾವುದೋ ದ್ವೀಪದಲ್ಲಿ ನಮ್ಮ ಕಡೆಯ ಒಬ್ಬ ಅಡುಗೆಯವಳಿಂದ ಕಲಿತಿದ್ದಳು. ಅದಕ್ಕೇ ಅವಳ ಬಾಯಲ್ಲಿ ಮುದ್ದಿಗೂ ಬೈಗುಳವೇ. ಅವಳ ಹೆಗಲು ಖಾಲಿ ಅಂತ ಊರಿಗೆಲ್ಲ ಕನಿಕರ. ಆದರೆ ಬಂದ ಹೊಸತರಲ್ಲೇ ಅವಳು ಊರನ್ನು ಕದಡಿಬಿಟ್ಟಿದ್ದಳು. ಉತ್ತರದ ಕೇರಿಯ ಕಡ್ಡಿಯವರು, ದಕ್ಷಿಣದ ಕೇರಿಯ ಕಡ್ಡಿಯವರು ಅಣ್ಣತಮ್ಮಂದಿರೆಂದು ಹಬ್ಬಕ್ಕೆ ಹೋಗಿಬರುತ್ತಿದ್ದರಲ್ಲ, ಅವರ ಓತಿಗಳಿಗೆ ರಕ್ತಸಂಬಂಧವೇ ಇಲ್ಲವಂತೆ. ಕಡ್ಡಿಯ ಮೇಲೆ ಬದುಕಿ ಬದುಕಿ ಇಬ್ಬರೂ ಕಡ್ಡಿಯಂತಾದರು, ಅಷ್ಟೇ. ಉತ್ತರದ ಕಡ್ಡಿಯವರ ನಿಜವಾದ ದಾಯಾದಿಗಳು ಅಲ್ಲಿಯ ತುದಿಯವರಂತೆ. "ರೂಪ ಕೊಡುದು ಹೊಟ್ಟೆಪಾಡು. ಹುಟ್ಟು ಬೇರೆ," ಅಂದಿದ್ದಳು. ಇನ್ನು ಎಲೆಕಸದವರದು ಓತಿಯೇ ಅಲ್ಲ, ಬೇರೆಯೇ ದೊಡ್ಡ ವಂಶ, ಅದರಲ್ಲೂ ದ್ವೀಪಕ್ಕೊಂದು ಬಗೆ ಉಂಟು ಅಂತ ಹೇಳಿ ಅವರಿಗೆ ಮಾತ್ರ ಬಹಳ ಇಷ್ಟವಾದಳು. ಉಳಿದವರು, ಈ ಹೆಂಗಸಿಗೆ ಓತಿಯೇ ಇಲ್ಲ, ಅವಳಿಗೇನು ಗೊತ್ತು ಅಂತ ತೀರ್ಮಾನ ಮಾಡಿ ಎಂದಿನಂತೆ ಹಬ್ಬಕ್ಕೆ ಹೋಗಿಬಂದರು.

ನಾನು ಪೋಡಿಯ ತಟ್ಟೆ ಹಿಡಿದು ಅವಳ ಬಾಗಿಲಿಗೆ ಹೋಗಿ ಕನ್ನಡಿಯ ಸಂಗತಿ ಹೇಳಿದೆ. "ಇವು ಒಂದನ್ನೊಂದು ಕಂಡು ಪ್ರೀತಿಯಿಂದ ಕೊಡೆ ಬಿಚ್ಚುವ ಹಾಗೆ ಎಂತಾದ್ರೂ ಔಷಧ ಉಂಟಾ ಟೀಚರೇ?"

ಅವಳು ಬಾಯಿಗಿಟ್ಟ ಪೋಡಿಯನ್ನು ಹೊರಗೆ ತೆಗೆದಳು. "ಪ್ರೀತಿಯಾ? ಯಾವ ಹಾಳಾದವ ಹೇಳಿದ್ದು ನಿಮಗೆ? ಮಂಕಾಳಮ್ಮ, ಅದು ಸಿಟ್ಟು! ಕನ್ನಡಿಯಲ್ಲಿ ಕಂಡದ್ದು ತನ್ನ ಬಗೆಯ ಇನ್ನೊಂದು ಗಂಡು. 'ಇದು ನನ್ನ ಮರ, ನಡಿ ಆಚೆ' ಅಂತ ಕೊಡೆ ಬಿಚ್ಚಿ ಹೆದರಿಸುದು."

"ಹಾಗಾದ್ರೆ ಕೊಡೆ ಬಿಚ್ಚಿದ ನನ್ನದೂ ಗಂಡಾ?" ಅಂದೆ. ಅಷ್ಟು ವರ್ಷ ನಾನು ಅದನ್ನು ತಂಗಿ ಅಂತ ಕರೆಯುತ್ತಿದ್ದೆ.

"ನಿಮ್ಮದೂ ಗಂಡು, ನಿಮ್ಮ ಗಂಡನದೂ ಗಂಡು. ಬಾಲ ನೋಡಿದ್ರೆ ಗೊತ್ತಾಗುದಿಲ್ವಾ ಎಷ್ಟು ಹೊಡೆದಾಟ ಆಗಿದೆ ಹೇಳಿ?"

ಬಾಗಿಲ ಸಂದಿಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ನನ್ನ ಕೈ ಹಿಡಿದು ಹಿತ್ತಿಲ ದೀವಿಹಲಸಿನ ಮರದ ಕೆಳಗೆ ನಿಲ್ಲಿಸಿದಳು. ತುದಿಯಲ್ಲಿ ಒಂದು ಹಸಿರು ಓತಿ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಬೊಡ್ಡೆಯ ಮೇಲೆ ತಲೆಕೆಳಗಾಗಿ ಒಂದು ಕಂದು. ಪಕ್ಕದ ಕಡ್ಡಿಯಲ್ಲಿ ಕಡ್ಡಿಯೇ ಅನ್ನಬೇಕು, ಅಂಥದ್ದೊಂದು. ಬೇರಿನ ಹತ್ತಿರದ ಹುಲ್ಲಿನಲ್ಲಿ ಒಂದು ಉದ್ದ ಬಾಲ. "ನೋಡಿ, ಒಂದೇ ಮರ, ಎಷ್ಟು ಸಂಸಾರ. ಒಂದು ಇನ್ನೊಂದರ ಕಡೆ ತಿರುಗಿಯೂ ನೋಡುದಿಲ್ಲ. ಯಾಕೆ? ಒಂದರ ಜಾಗ ಇನ್ನೊಂದಕ್ಕೆ ಬೇಡ. ಒಟ್ಟಿಗೆ ಬಾಳುವವು ಇವು. ಕೊಡೆ ಬಿಚ್ಚುವವು ಒಂದೇ ಬೊಡ್ಡೆಯಲ್ಲಿ ಬಾಳುದಿಲ್ಲ, ಒಂದು ಹೋಗ್ಲೇಬೇಕು."

ನನಗೆ ಮೊದಲು ಬಂದದ್ದು ಸಂತೋಷವೇ. ನನ್ನ ಮಗಳು ಸರಿಯಾದವನನ್ನೇ ಮೆಚ್ಚಿದ್ದಾಳೆ, ಅವನನ್ನು ಗುಡ್ಡ ದಾಟಿಸಬೇಕಾಗಿಲ್ಲ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಹಾಗಾದರೆ ನಾನು ಮತ್ತು ಬೊಮ್ಮಯ್ಯ? ಊರೇ ಹಾಡಿ ಹೊಗಳಿದ ಆ ಕೊಡೆ? ಅದು ಹೊರಟುಹೋಗು ಅಂದದ್ದಕ್ಕೇ ನಾವು ಬೆಲ್ಲ ಹಂಚಿದೆವೇ?

ಗಂಡನಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಅವನು ಜಗಲಿಯಲ್ಲಿ ಬಲೆಯ ತೂತು ಹೊಲಿಯುತ್ತಿದ್ದ. ಟೀಚರ್ ಹೇಳಿದ್ದಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ವಾದ ಹೂಡುತ್ತಾನೆ, ನಾನು ತಿರುಗಿ ಹೇಳುತ್ತೇನೆ, ಹಾಗೆ ಮಾತಾಡುತ್ತ ಮನಸ್ಸು ಹಗುರ ಆಗುತ್ತದೆ ಅಂದುಕೊಂಡಿದ್ದೆ. ಪುಣ್ಯಾತ್ಮ ಒಂದು ಮಾತೂ ಆಡಲಿಲ್ಲ. ಬಲೆ ಮಡಚಿಟ್ಟು ನೀರಿನ ಕಡೆಗೆ ನಡೆದುಹೋದ. ಮರುದಿನವೂ ಹಾಗೆಯೇ ಇದ್ದ. ಬೇಕೆಂದೇ ಸಾರಿಗೆ ಅವನಿಗೆ ಆಗದ ಹುಣಸೆ ಹಾಕಿದೆ, ಸುಮ್ಮನೆ ಉಂಡು ಎದ್ದ. ಹೆದರಿಕೆ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆಗಲೇ. ಇಷ್ಟು ವರ್ಷ ಜಗಳ ಆಡಿದ್ದೇನೆ, ಇವನು ಬಿಟ್ಟುಹೋದಾನು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಎರಡನೆಯ ಸಲ ಕೋಲು ಇಟ್ಟ ದಿನ ಚಾವಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನಾನು ಕನ್ನಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದೆ. ಸತ್ಯ ಹೇಳುವ ಆಸೆ ಇತ್ತು, ಆದರೆ ಒಂದು ಊರಿನ ಅಷ್ಟೂ ಮದುವೆಗಳನ್ನು ತಲೆಕೆಳಗು ಮಾಡುವ ಧೈರ್ಯ ಪೋಡಿ ಮಾರುವವಳಿಗೆ ಎಲ್ಲಿಂದ ಬರಬೇಕು? ಮೋಸವೇ ಮೇಲು ಅಂದುಕೊಂಡಿದ್ದೆ. ಹಮ್ಮಜ್ಜ ಓತಿಗಳನ್ನು ಇಟ್ಟ. ಹಸಿರಿನದು ಮೇಲೆ ಹೋಯಿತು, ಹುಲ್ಲಿನದು ಕೆಳಗೆ ಇಳಿಯಿತು. ಕನಕಿ ಜಟ್ಟುವಿನ ಕಡೆ ನೋಡಿದಳು. ಜಟ್ಟು ಮೊದಲ ಸಲ ನಗದೆ ಕೂತಿದ್ದ. ಹಮ್ಮಜ್ಜ ಗಂಟಲು ಸರಿ ಮಾಡಿಕೊಂಡ. ನಾನು ಸೊಂಟಕ್ಕೆ ಕೈ ಹಾಕಿದೆ.

ಅಷ್ಟರಲ್ಲಿ ಗಂಡಸರ ಸಾಲಿನಿಂದ ಬೊಮ್ಮಯ್ಯ ಎದ್ದ. ಬಂದವನೇ ಆ ಎರಡನ್ನೂ ಎತ್ತಿ ಕನಕಿ, ಜಟ್ಟುವಿನ ಕೈಗೆ ಕೊಟ್ಟು, ಕೋಲಿನ ಒಂದು ತುದಿಗೆ ತನ್ನ ಓತಿಯನ್ನು ಇಟ್ಟು, "ನಿನ್ನದು ಕೊಡೇ," ಅಂತ ನನ್ನ ಕಡೆ ಕೈಚಾಚಿದ. ಯಾಕೆ ಅಂತ ಕೇಳದೆ ಕೊಟ್ಟೆ. ಅದೂ ಮೊದಲ ಸಲವೇ.

ಎರಡೂ ಪಟ್ಟನೆ ಕಿತ್ತಳೆ ಕೊಡೆ ಬಿಚ್ಚಿದವು. ಹೆಂಗಸರು ರೂಢಿಯಿಂದ ಉಲುಲು ಹಾಕಿಯೇಬಿಟ್ಟರು. ಹಮ್ಮಜ್ಜ ಎತ್ತಲು ಹೋದ, ಬೊಮ್ಮಯ್ಯ ಅವನ ಕೈ ಹಿಡಿದ. "ಇವತ್ತು ಎತ್ತುದು ಬೇಡ ಅಜ್ಜ. ಪೂರ್ತಿ ಕಾಣುವ." ಓತಿಗಳು ಬಾಯಿ ತೆರೆದು ಒಂದರ ಮೇಲೊಂದು ಬಿದ್ದವು. ದವಡೆಗೆ ದವಡೆ ಕಚ್ಚಿ ಕೋಲಿನಿಂದ ಉರುಳಿದವು. ನನ್ನದರ ಉಳಿದಿದ್ದ ಅಷ್ಟು ಬಾಲವೂ ಕಿತ್ತು ಚಾಪೆಯ ಮೇಲೆ ಬಿದ್ದು ವಿಲವಿಲ ಒದ್ದಾಡಿತು. "ಬಾಗಿಲ ಸಂದಿಗೆ..." ಅಂತ ಹಿಂದಿನಿಂದ ಯಾರೋ ಶುರು ಮಾಡಿ, ಅಲ್ಲಿ ಬಾಗಿಲೇ ಇಲ್ಲದ್ದು ಕಂಡು ಸುಮ್ಮನಾದರು. ಮದುವೆಯಾದವರೆಲ್ಲ ತಂತಮ್ಮ ಓತಿಯ ಬಾಲದ ಮೇಲೆ ಕೈ ಮುಚ್ಚಿಕೊಂಡರು. ಎಲ್ಲರ ಮನೆಯಲ್ಲೂ ನಡೆಯುತ್ತಿದ್ದದ್ದು ಇದೇ. ಪ್ರತಿಯೊಬ್ಬರೂ ಅದು ತಮ್ಮ ಮನೆಯ ಗುಟ್ಟು ಅಂದುಕೊಂಡಿದ್ದರು.

"ಇದು ಒಪ್ಪಿಗೆಯ ಕೊಡೆ ಅಲ್ಲ," ಅಂದ ಬೊಮ್ಮಯ್ಯ. ಅವನಿಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ. "ಹೊರಡು ಅಂತ ಹೇಳುವ ಕೊಡೆ. ನನ್ನ ಹೆಂಡತಿ ಹೇಳಿದ್ದು ಸರಿ. ಮದುವೆಯ ದಿನದಿಂದ ಇವು ನಮಗೆ ಹೊರಡು ಹೊರಡು ಅಂತ್ಲೇ ಹೇಳಿದಾವೆ. ನಾವು ಹೊರಟ್ವಾ? ನಾನು ಹೋಗ್ಲಿಲ್ಲ, ಅವಳೂ ಹೋಗ್ಲಿಲ್ಲ. ಓತಿ ಕೂಡಿಸಿದ್ದಕ್ಕೆ ಬಾಳಿದವರಲ್ಲ ಮಾರಾಯ್ರೆ ನಾವು. ಓತಿ ಬೇಡ ಅಂದ್ರೂ ಬಾಳಿದವರು."

'ನನ್ನ ಹೆಂಡತಿ ಹೇಳಿದ್ದು ಸರಿ.' ಆ ಮಾತು ಅವನ ಬಾಯಿಂದ ಬಂದದ್ದನ್ನು ಊರೇ ಕೇಳಿತು, ಸಾಕ್ಷಿಗೆ ಬೇಕಾದಷ್ಟು ಜನ ಇದ್ದಾರೆ. ನನಗೆ ಮಾತ್ರ ಕಣ್ಣು ಮಂಜಾಗಿ ಏನೂ ಕಾಣಲಿಲ್ಲ.

ಹಮ್ಮಜ್ಜ ಕೋಲನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಪಾಪ, ಎಷ್ಟು ಜೋಡಿಗಳಿಗೆ ಬೆಲ್ಲ ತಿನ್ನಿಸಿದ್ದನೋ. "ಹಾಗಾದ್ರೆ ಇನ್ನು ಮೇಲೆ ಸಂಬಂಧ ಉಂಟೋ ಇಲ್ವೋ ಅಂತ ಎಂತ ನೋಡಿ ಹೇಳುದು?" ಅಂದ, ಅಳುವ ಮಗುವಿನ ದನಿಯಲ್ಲಿ.

"ನಮ್ಮನ್ನು ಕೇಳಿ ಅಜ್ಜ," ಅಂದಳು ಕನಕಿ.

ಹುಡುಗ ಹುಡುಗಿಯರನ್ನೇ ಕೇಳುವುದು! ಹೇಗೆ ಕೇಳಬೇಕು, ನಿಂತೋ ಕೂತೋ, ಯಾರನ್ನು ಮೊದಲು ಅಂತ ಯಾರಿಗೂ ತಿಳಿಯದು. ಹಮ್ಮಜ್ಜ ರುಮಾಲು ತೆಗೆದ, ಮತ್ತೆ ಸುತ್ತಿಕೊಂಡ, ಜಟ್ಟುವಿನ ಕಡೆ ತಿರುಗಿ, "ತಮ್ಮಾ, ನಿಂಗೆ... ಇವಳು... ಅಡ್ಡಿಲ್ಯಾ?" ಅಂದ. ಜಟ್ಟು ಕಿವಿಯವರೆಗೆ ಕೆಂಪಾಗಿ ತಲೆ ಎಷ್ಟು ಜೋರಾಗಿ ಆಡಿಸಿದನೆಂದರೆ ಅವನ ಓತಿ ಜೇಬಿನಿಂದ ಆಚೆ ಬಿತ್ತು. ಕನಕಿ, ಕೇಳುವ ಮೊದಲೇ, "ನಂಗೂ ಅಡ್ಡಿಲ್ಲ, ನಂಗೆ ಮೊದಲಿಂದಲೂ ಅಡ್ಡಿಲ್ಲ," ಅಂದಳು. ಎಲ್ಲರೂ ಹೋ ಎಂದು ನಕ್ಕರು. ಯಾರೋ ಬೆಲ್ಲದ ತಟ್ಟೆ ಎತ್ತಿದರು.

ಆ ಗದ್ದಲದ ನಡುವೆ ಬೊಮ್ಮಯ್ಯ ನನ್ನ ಎದುರು ಬಂದು ನಿಂತ. ಕಡಿತ ತಿಂದ ಓತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ಕಣ್ಣು ನೆಲದ ಮೇಲೆ. ಸುತ್ತಲಿನವರು ನಗು ನಿಲ್ಲಿಸಿ ನಮ್ಮ ಕಡೆ ತಿರುಗಿದರು.

"ಹೋಯ್," ಅಂದ. "ನಿಂಗೆ?"

ಹೇಳಲು ನೂರು ಮಾತು ಇದ್ದವು, ಹುಣಸೆಯಿಂದ ಹಿಡಿದು ಕಿಟಕಿಯವರೆಗೆ. ಒಂದೂ ನಾಲಿಗೆಗೆ ಬರಲಿಲ್ಲ. ಮದುವೆಯ ದಿನ ತಲೆ ತಗ್ಗಿಸಿ ಕೂತಿದ್ದವಳನ್ನು ಯಾರೂ ಕೇಳಿರಲಿಲ್ಲ, ಆಮೇಲೂ ಯಾರೂ ಕೇಳಿರಲಿಲ್ಲ. ಮಗಳು ನೋಡುತ್ತಿದ್ದಳು, ಊರೆಲ್ಲ ನೋಡುತ್ತಿತ್ತು.

"ಹೂಂ," ಅಂದೆ.